2016ರ ಲ್ಯಾಪ್‌ಟಾಪ್, ಆನ್ ಆಗೋಕೇ ಎಂಟು ನಿಮಿಷ. ರ್‍ಯಾಮ್ ಹಾಕಿಸ್ಲಾ, ಎಸ್ಎಸ್‌ಡಿ ಹಾಕಿಸ್ಲಾ?

ಸಾಗರ_ಸೀಮೆ:

ಎಲ್ರಿಗೂ ನಮಸ್ಕಾರ. ನಮ್ಮನೇಲಿ 2016ರಲ್ಲಿ ತಗೊಂಡ ಒಂದು ಲ್ಯಾಪ್‌ಟಾಪ್ ಇದೆ. 15.6 ಇಂಚಿನ ಸ್ಕ್ರೀನು, ಐ3-5005ಯು ಪ್ರೊಸೆಸರ್, 4 ಜಿಬಿ ರ್‍ಯಾಮ್, 1 ಟಿಬಿ ಹಾರ್ಡ್ ಡಿಸ್ಕು, ವಿಂಡೋಸ್ 10. ನಾನು ಡಿಪ್ಲೊಮಾ ಸೇರುವಾಗ ಅಪ್ಪ ಆ ವರ್ಷ ಅಡಿಕೆ ಮಾರಿದ ದುಡ್ಡಲ್ಲಿ ಕೊಡಿಸಿದ್ದು. ಆಮೇಲೆ ನಂಗೆ ಕೆಲಸದ ಕಡೆಯಿಂದ ಬೇರೆ ಸಿಕ್ತು, ಇದು ಮನೇಲೇ ಉಳೀತು. ಈಗ ತಂಗಿ ಬಳಸ್ತಾಳೆ, ಬಿಕಾಂ ಎರಡನೇ ವರ್ಷ, ಟ್ಯಾಲಿ, ಎಕ್ಸೆಲ್ಲು, ಕಾಲೇಜಿನ ಗೂಗಲ್ ಕ್ಲಾಸ್‌ರೂಮು ಇಷ್ಟೇ ಅವಳ ಕೆಲಸ. ರಾತ್ರಿ ಊಟ ಆದ್ಮೇಲೆ ಅಪ್ಪ ಕೂತು ನುಡಿ ತಂತ್ರಾಂಶದಲ್ಲಿ ಸೊಸೈಟಿ ಮೀಟಿಂಗಿನ ನಡಾವಳಿ ಟೈಪ್ ಮಾಡ್ತಾರೆ.

ತೊಂದರೆ ಏನಂದ್ರೆ ಆನ್ ಮಾಡಿ ಒಳಗೆ ಹೋಗಿ ಚಾ ಕುದಿಸಿಕೊಂಡು ಬಂದ್ರೂ ಸ್ಕ್ರೀನ್ ಮೇಲೆ ಆ ನೀಲಿ ಬಳೆ ಇನ್ನೂ ತಿರುಗ್ತಾನೇ ಇರತ್ತೆ. ಗಡಿಯಾರ ಇಟ್ಕೊಂಡು ನೋಡ್ದೆ, ಬಟನ್ ಒತ್ತಿ ಕ್ರೋಮ್ ಓಪನ್ ಆಗೋ ತನಕ 8 ನಿಮಿಷ. ಟ್ಯಾಲಿ, ಕ್ರೋಮ್ ಎರಡೂ ಒಟ್ಟಿಗೆ ತೆಗೆದ್ರಂತೂ ಮೌಸೂ ಅಲ್ಲಾಡಲ್ಲ. ಫ್ಯಾನು ಸದಾ ಕೂಗ್ತಿರತ್ತೆ, ಬ್ಯಾಟರಿ ಮುಕ್ಕಾಲು ಗಂಟೆ ಬಂದ್ರೆ ಹೆಚ್ಚು.

ಪೇಟೇಲಿ ಒಂದು ಅಂಗಡಿಗೆ ತಗೊಂಡು ಹೋದ್ರೆ ಬಿಚ್ಚಿ ಕೂಡ ನೋಡ್ಲಿಲ್ಲ, ಮದರ್‌ಬೋರ್ಡ್ ವೀಕ್ ಆಗಿದೆ ಇದಕ್ಕೆ ದುಡ್ಡು ಹಾಕ್ಬೇಡಿ ಹೊಸದು 38 ಸಾವಿರಕ್ಕೆ ಕೊಡ್ತೀನಿ ಅಂದ್ರು. ಗೊತ್ತಿರೋ ಇನ್ನೊಬ್ರು 4 ಜಿಬಿ ರ್‍ಯಾಮ್ ಹಾಕ್ಸು ಸಾಕು ಅಂತಾರೆ. ಯೂಟ್ಯೂಬಲ್ಲಿ ನೋಡಿದ್ರೆ ಎಲ್ರೂ ಎಸ್ಎಸ್‌ಡಿ ಎಸ್ಎಸ್‌ಡಿ ಅಂತಾರೆ. ನನ್ನ ಕೈಲಿ ಆಗೋದು 5-6 ಸಾವಿರ. ಯಾವುದು ಮೊದ್ಲು ಮಾಡ್ಲಿ? ಪ್ರೊಸೆಸರ್ರೇ ಬದಲಾಯಿಸೋಕೆ ಬರತ್ತಾ? ಇದನ್ನ ಮೂಲೆಗೆ ಹಾಕೋಕೆ ಅಪ್ಪಂಗೂ ಮನಸಿಲ್ಲ, ನಂಗೂ ಇಲ್ಲ.


ಹಳೇ_ಯಂತ್ರ:

ಬಿಚ್ಚದೇ ಮದರ್‌ಬೋರ್ಡ್ ವೀಕ್ ಅಂತ ಯಾರಿಗೂ ಹೇಳೋಕೆ ಬರಲ್ಲ. ಬೋರ್ಡು ಕೆಟ್ರೆ ಸಾಮಾನ್ಯವಾಗಿ ಆನೇ ಆಗಲ್ಲ, ಅಥವಾ ಕೆಲಸದ ಮಧ್ಯೆ ಪಟ್ ಅಂತ ಆಫ್ ಆಗತ್ತೆ, ಇಲ್ಲಾ ಚಾರ್ಜ್ ತಗೊಳ್ಳಲ್ಲ. ಎಂಟು ನಿಮಿಷ ತಗೊಂಡಾದ್ರೂ ದಿನಾ ಏಳ್ತಾ ಇದೆ ಅಂದ್ರೆ ಬೋರ್ಡಿನ ಮೇಲೆ ಅನುಮಾನ ಪಡೋ ಅಗತ್ಯ ಇಲ್ಲ.

ದುಡ್ಡು ಹಾಕೋ ಮೊದ್ಲು ಅಡಚಣೆ ಎಲ್ಲಿದೆ ಅಂತ ನೋಡ್ಕೊಳ್ಳಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದ್ರೆ ಟಾಸ್ಕ್ ಮ್ಯಾನೇಜರ್ ಬರತ್ತೆ. ಆನ್ ಆದ ತಕ್ಷಣ ಅದನ್ನ ತೆಗೆದು ಸಿಪಿಯು, ಮೆಮೊರಿ, ಡಿಸ್ಕ್ ಮೂರರಲ್ಲಿ ಯಾವುದು ಕೆಂಪಾಗಿ 100ಕ್ಕೆ ಹತ್ತಿ ಕೂತಿದೆ ನೋಡಿ. ನನಗೆ ಗೊತ್ತು ಅದು ಡಿಸ್ಕೇ ಇರತ್ತೆ ಅಂತ, ಆದ್ರೂ ನೀವೇ ಕಣ್ಣಾರೆ ನೋಡಿ. ಅದರಲ್ಲೇ ಪರ್ಫಾರ್ಮೆನ್ಸ್ ಒಳಗೆ ಮೆಮೊರಿ ಒತ್ತಿದ್ರೆ ಮೆಮೊರಿ ಕೂರಿಸೋ ಸ್ಲಾಟ್ ಎಷ್ಟು ಬಳಕೆಯಲ್ಲಿದೆ ಅಂತಾನೂ ಬರತ್ತೆ. ಒಂದೇ ಕಂಪನಿಯ ಒಂದೇ ಸೀರೀಸ್‌ನಲ್ಲೂ ಒಂದು ಮಾಡೆಲ್‌ಗೆ ಎರಡು ಸ್ಲಾಟು ಇನ್ನೊಂದಕ್ಕೆ ಒಂದೇ ಇರತ್ತೆ, ಅದಕ್ಕೇ ನಿಮ್ಮದನ್ನೇ ನೋಡ್ಬೇಕು. ಇನ್ನೊಂದು, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಒಂದು ಸಣ್ಣ ಫ್ರೀ ಪ್ರೋಗ್ರಾಂ ಇದೆ, ಅದು ಡಿಸ್ಕಿನ ಆರೋಗ್ಯ ಹೇಳತ್ತೆ, ಅದನ್ನೂ ಹಾಕಿ ನೋಡಿ ಇಲ್ಲಿ ಬರೀರಿ.

ಹಾರ್ಡ್ ಡಿಸ್ಕ್ ಯಾಕೆ ಇಷ್ಟು ಕಾಯಿಸತ್ತೆ ಅಂತ ಸ್ವಲ್ಪ ಹೇಳ್ತೀನಿ, ಗೊತ್ತಿದ್ರೆ ಅಂಗಡಿಯವರು ಏನೇ ಹೇಳಿದ್ರೂ ನೀವೇ ತೂಗಿ ನೋಡ್ಬಹುದು. ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಒಳಗಿನ ತಟ್ಟೆ ಹೆಚ್ಚಿನಂಶ ನಿಮಿಷಕ್ಕೆ 5400 ಸುತ್ತು ತಿರುಗತ್ತೆ, ಅಂದ್ರೆ ಸೆಕೆಂಡಿಗೆ 90, ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್. ಬೇಕಾದ ಜಾಗ ಓದೋ ಸೂಜಿಯ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯ್ಬೇಕು, ಅದಕ್ಕೆ ಮೊದ್ಲು ಸೂಜಿ ಸರಿಯಾದ ಸಾಲಿಗೆ ಸರಿದು ನಿಲ್ಬೇಕು, ಎಲ್ಲ ಸೇರಿ ಒಂದು ಚೂರು ಓದೋಕೆ 15 ಮಿಲಿಸೆಕೆಂಡ್ ಅಂತ ಇಟ್ಕೊಳ್ಳಿ. ಅಲ್ಲಿಗೆ ಸೆಕೆಂಡಿಗೆ ಅರವತ್ತು ಎಪ್ಪತ್ತು ಚೂರು ಅಷ್ಟೇ. ವಿಂಡೋಸ್ ಏಳುವಾಗ ಬೇಕಾಗೋದು ಡಿಸ್ಕಿನ ಮೂಲೆ ಮೂಲೆಯಲ್ಲಿ ಚೆಲ್ಲಿರೋ ಸಾವಿರಾರು ಸಣ್ಣ ಚೂರು, ಅದರ ಜೊತೆಗೆ ಆಂಟಿವೈರಸ್ಸು ಅಪ್ಡೇಟು ಎಲ್ಲ ಅದೇ ಸೂಜಿಯನ್ನ ಆಕಡೆ ಈಕಡೆ ಎಳೀತಾವೆ. ಎಸ್ಎಸ್‌ಡಿಯಲ್ಲಿ ತಿರುಗೋ ತಟ್ಟೆನೇ ಇಲ್ಲ, ಇಂಥಾ ಸಣ್ಣ ಚೂರುಗಳನ್ನ ಸೆಕೆಂಡಿಗೆ ಸಾವಿರಗಟ್ಟಲೆ ಓದಿ ಕೊಡತ್ತೆ. ದೊಡ್ಡ ಫೈಲ್ ಕಾಪಿ ಮಾಡೋದ್ರಲ್ಲಿ ಸೆಕೆಂಡಿಗೆ 100 ಎಂಬಿ ಮತ್ತೆ 500 ಎಂಬಿ, ಐದು ಪಟ್ಟು ವ್ಯತ್ಯಾಸ ಇರಬಹುದು, ಆದ್ರೆ ನಿಮಗೆ ಬದಲಾವಣೆ ಗೊತ್ತಾಗೋದು ಈ ಸಣ್ಣ ಚೂರಿನ ಓದಲ್ಲಿ.

ರ್‍ಯಾಮ್ ಕಮ್ಮಿ ಇದ್ದಾಗಲೂ ಪೆಟ್ಟು ಬೀಳೋದು ಇದೇ ಡಿಸ್ಕಿಗೆ. 4 ಜಿಬಿ ತುಂಬಿದ ಮೇಲೆ ವಿಂಡೋಸ್ ಮಿಕ್ಕಿದ್ದನ್ನ ಡಿಸ್ಕ್ ಮೇಲೆ ಬರೆದು ಇಡತ್ತೆ, ಬೇಕಾದಾಗ ವಾಪಸ್ ಓದತ್ತೆ. ಹಾಗಾಗಿ ಬರೀ ರ್‍ಯಾಮ್ ಹಾಕ್ಸಿದ್ರೆ ಟ್ಯಾಲಿ ಕ್ರೋಮ್ ಜೊತೆಗೆ ನಡೆಯೋದು ಸ್ವಲ್ಪ ಹಗುರ ಆಗಬಹುದು, ಏಳೋಕೆ ಎಂಟು ನಿಮಿಷ ಹಾಗೇ ಇರತ್ತೆ. ಎಸ್ಎಸ್‌ಡಿ ಮೊದ್ಲು, ರ್‍ಯಾಮ್ ಆಮೇಲೆ, ಎರಡೂ ಆದ್ರೆ ಬಹಳ ಒಳ್ಳೇದು.

ಪ್ರೊಸೆಸರ್ ಆಸೆ ಬಿಟ್ಬಿಡಿ, ಆ 5005ಯು ಬೋರ್ಡಿಗೇ ಬೆಸುಗೆ ಹಾಕಿರೋದು. ಎರಡು ಕೋರು, ನಾಲ್ಕು ಥ್ರೆಡ್ಡು, 2 ಗಿಗಾಹರ್ಟ್ಸ್, ಟರ್ಬೋ ಇಲ್ಲ. ಟ್ಯಾಲಿ ಎಕ್ಸೆಲ್ ನುಡಿಗೆ ಅಷ್ಟು ಸಾಲತ್ತೆ.


ಸಾಗರ_ಸೀಮೆ:

ತುಂಬಾ ಥ್ಯಾಂಕ್ಸ್ ಸರ್, ಇಷ್ಟು ಬಿಡಿಸಿ ಯಾರೂ ಹೇಳಿರ್ಲಿಲ್ಲ. ನೋಡ್ದೆ. ಡಿಸ್ಕ್ 100ರಲ್ಲೇ ನಿಂತಿದೆ, ಹತ್ತು ನಿಮಿಷ ಆದ್ರೂ ಇಳೀಲಿಲ್ಲ. ಮೆಮೊರಿ 88. ಸಿಪಿಯು 30 ದಾಟಿಲ್ಲ. ಸ್ಲಾಟ್ ಎರಡರಲ್ಲಿ ಒಂದು ಅಂತ ತೋರಿಸ್ತಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿದ್ರೆ ಮೇಲ್ಗಡೆ ಹಳದಿ ಬಣ್ಣದಲ್ಲಿ ಕಾಷನ್ ಅಂತ ಬರ್ತಿದೆ, ಕೆಳಗೆ ಪಟ್ಟಿಯಲ್ಲಿ 05 ಮತ್ತೆ ಸಿ5 ಅನ್ನೋ ಎರಡು ಸಾಲಿನ ಪಕ್ಕ ಹಳದಿ ಚುಕ್ಕೆ ಇದೆ. ಇದೇನು? ಇತ್ತೀಚೆಗೆ ಕೆಲವು ಸಲ ಒಳಗಿಂದ ಟಕ್ ಟಕ್ ಅಂತ ಸದ್ದೂ ಬರ್ತಿತ್ತು, ಫ್ಯಾನಿಂದು ಇರ್ಬೇಕು ಅಂದ್ಕೊಂಡಿದ್ದೆ.


ಅಚ್ಚುಮೊಳೆ:

ಅಯ್ಯೋ ತಮ್ಮಾ, ಎಲ್ಲ ಬಿಟ್ಟು ಮೊದ್ಲು ಬ್ಯಾಕಪ್ ತಗೋ. ಇವತ್ತೇ. 05 ಅಂದ್ರೆ ಡಿಸ್ಕ್ ಈಗಾಗ್ಲೇ ಕೆಟ್ಟ ಜಾಗಗಳನ್ನ ಬಿಟ್ಟು ಬದಲಿ ಜಾಗ ಬಳಸಿರೋ ಲೆಕ್ಕ, ಸಿ5 ಅಂದ್ರೆ ಓದೋಕೆ ಆಗದೆ ಒದ್ದಾಡ್ತಿರೋ ಜಾಗಗಳ ಲೆಕ್ಕ. ಅದರ ಮೇಲೆ ಟಕ್ ಟಕ್ ಸದ್ದು. ಆ ಡಿಸ್ಕ್ ಇನ್ನೂ ಎರಡು ವರ್ಷ ಬಂದ್ರೂ ಬಂತು, ನಾಳೆ ಬೆಳಿಗ್ಗೆ ನಿಂತ್ರೂ ನಿಂತು.

ನಾನು ತುಮಕೂರಲ್ಲಿ ಡಿಟಿಪಿ ಕೆಲಸ ಮಾಡೋಳು, ಹದಿನೆಂಟು ವರ್ಷ ಆಯ್ತು. ಒಂದು ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ಮಾಡ್ತಿದ್ದೆ, ಇನ್ನೂರ ಹತ್ತು ಪುಟ, ಹಳೇ ಮೇಷ್ಟ್ರುಗಳು ಕೈಯಲ್ಲಿ ಬರೆದು ಕೊಟ್ಟ ನೆನಪುಗಳು, ಎಲ್ಲ ಟೈಪ್ ಮಾಡಿ ತಿದ್ದಿ ಮುಗ್ಸಿದ್ದೆ. ಡಿಸ್ಕ್ ಇದೇ ಥರ ಹಳದಿ ತೋರಿಸ್ತು, ರಿಪೇರಿ ಮಾಡೋಣ ಅಂತ ಚೆಕ್‌ಡಿಸ್ಕ್ ಹಾಕ್ಬಿಟ್ಟೆ. ರಾತ್ರಿಯೆಲ್ಲ ಓಡ್ತು, ಬೆಳಿಗ್ಗೆ ನೋಡಿದ್ರೆ ಡಿಸ್ಕ್ ಕಂಪ್ಯೂಟರಿಗೇ ಕಾಣಿಸ್ತಿಲ್ಲ. ಬರೆದು ಕೊಟ್ಟಿದ್ದ ಮೇಷ್ಟ್ರುಗಳಲ್ಲಿ ಒಬ್ರು ಅಷ್ಟರಲ್ಲಿ ತೀರಿಹೋಗಿದ್ರು, ಅವರ ಕೈಬರಹದ ಹಾಳೆನೂ ವಾಪಸ್ ಕೊಟ್ಬಿಟ್ಟಿದ್ದೆ, ಮನೆಯವರ ಹತ್ರ ಹೋಗಿ ಮತ್ತೆ ಕೇಳೋವಾಗ ನನಗಾದ ಸಂಕಟ ಇವತ್ತಿಗೂ ಹೋಗಿಲ್ಲ. ಸಾಯ್ತಿರೋ ಡಿಸ್ಕಿಗೆ ಚೆಕ್‌ಡಿಸ್ಕು, ಡಿಫ್ರಾಗು, ವೈರಸ್ ಫುಲ್ ಸ್ಕ್ಯಾನು ಯಾವುದೂ ಹಾಕ್ಬಾರ್ದು. ಅವು ಡಿಸ್ಕನ್ನ ಮೂಲೆ ಮೂಲೆ ಕೆದಕ್ತಾವೆ. ಮೊದ್ಲು ಬೇಕಾದ ಫೈಲು ಹೊರಗೆ ಬರ್ಲಿ.

ನಿಮ್ಮಪ್ಪನ ನುಡಿ ಫೈಲುಗಳ ವಿಷಯ ಬೇರೆ ಹೇಳ್ಬೇಕು. ವರ್ಡ್ ಫೈಲ್ ಕಾಪಿ ಆಯ್ತು ಅಂತ ಸುಮ್ನಾಗ್ಬೇಡ. ಹಳೇ ನುಡಿ ಫಾಂಟಲ್ಲಿ, ಅಂದ್ರೆ ಯೂನಿಕೋಡ್ ಅಲ್ಲದ ಆಸ್ಕಿ ಫಾಂಟಲ್ಲಿ ಟೈಪ್ ಮಾಡಿದ್ರೆ ಆ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ಕನ್ನಡನೇ ಕಾಣ್ಸಲ್ಲ, ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಕೊಂಬು ಚುಕ್ಕೆ ಇಟ್ಟ ಹಾಗೆ ಏನೇನೋ ಕಾಣತ್ತೆ. ಫೈಲ್ ಕೆಟ್ಟಿರಲ್ಲ, ಫಾಂಟ್ ಇರಲ್ಲ ಅಷ್ಟೇ. ಎಷ್ಟೋ ಜನ ಹೆದರಿ ಡಿಲೀಟ್ ಮಾಡಿದ್ದಾರೆ. ಅದಕ್ಕೆ ವಿಂಡೋಸ್ ಒಳಗೆ ಫಾಂಟ್ಸ್ ಫೋಲ್ಡರಿಗೆ ಹೋಗಿ ನುಡಿ ಅಂತ ಶುರುವಾಗೋ ಫಾಂಟ್ ಎಲ್ಲ ಕಾಪಿ ಮಾಡಿ ಪೆನ್‌ಡ್ರೈವಲ್ಲಿ ಇಟ್ಕೋ. ನಿಧಾನಕ್ಕೆ ಕೂತು ಹಳೇ ನಡಾವಳಿಗಳನ್ನ ಯೂನಿಕೋಡಿಗೆ ಬದಲಾಯಿಸಿದ್ರೆ ಇನ್ನೂ ಒಳ್ಳೇದು, ಆವಾಗ ಮೊಬೈಲಲ್ಲೂ ಓದ್ಬಹುದು, ಹುಡುಕೋಕೂ ಬರತ್ತೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರೋ ಪದಗಳನ್ನ ಒಂದ್ಸಲ ಓದಿ ನೋಡು, ತಪ್ಪು ಆಗೋದು ಅಲ್ಲೇ. ಟ್ಯಾಲಿಗೆ ಅದರೊಳಗೇ ಬ್ಯಾಕಪ್ ಇದೆ, ತಂಗಿಗೆ ಹೇಳು ಅಲ್ಲಿಂದ ತೆಗೀಲಿ. ಡೆಸ್ಕ್‌ಟಾಪು, ಡೌನ್‌ಲೋಡ್ಸು, ಕ್ರೋಮಲ್ಲಿ ಸೇವ್ ಆಗಿರೋ ಪಾಸ್‌ವರ್ಡು, ಇವೇ ಜನ ಮರೆಯೋದು.


ಲೆಕ್ಕದ_ಮನುಷ್ಯ:

ಎಲ್ರೂ ಹೇಳಿದ್ದು ಸರಿ ಇದೆ, ಆದ್ರೆ ನಾನು ಸ್ವಲ್ಪ ಬೇರೆ ಕಡೆಯಿಂದ ಯೋಚಿಸಿ ಅಂತೀನಿ. ವಿಂಡೋಸ್ 10ಗೆ ಮಾಮೂಲಿ ಸಪೋರ್ಟು 2025 ಅಕ್ಟೋಬರ್ 14ಕ್ಕೆ ಮುಗೀತು. ಇಎಸ್‌ಯು ಅನ್ನೋ ಹೆಚ್ಚುವರಿ ಅಪ್ಡೇಟ್ ಯೋಜನೆಗೆ ಸೇರಿಕೊಂಡವರಿಗೆ 2026 ಅಕ್ಟೋಬರ್ 13ರ ತನಕ ಸೆಕ್ಯುರಿಟಿ ಅಪ್ಡೇಟು ಅಂತ ಮೈಕ್ರೋಸಾಫ್ಟ್ ಹೇಳಿದ್ದು. ವಿಂಡೋಸ್ 11ಕ್ಕೆ ಇಂಟೆಲ್ಲಲ್ಲಿ 8ನೇ ಜನರೇಷನ್ ಪ್ರೊಸೆಸರು, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ಪು ಬೇಕು, ನಿಮ್ಮದು 5ನೇದು. ಅಡ್ಡದಾರೀಲಿ ಹಾಕ್ಬಹುದು, ಆದ್ರೆ ನಾಳೆ ಅಪ್ಡೇಟ್ ಬರ್ಲಿಲ್ಲ ಅಂದ್ರೆ ಕೇಳೋ ಹಾಗಿಲ್ಲ. ನಮ್ಮ ಆಫೀಸಿನ ಹುಡುಗ ಹೋದ ವರ್ಷ ಕಂಪನಿಯಿಂದ ಹೊರಗೆ ಬಂದ ಐ5-8250ಯು ರಿಫರ್ಬಿಶ್ಡ್ ಲ್ಯಾಪ್‌ಟಾಪ್ 17 ಸಾವಿರಕ್ಕೆ ತಗೊಂಡ, ನಾಲ್ಕು ಕೋರು ಎಂಟು ಥ್ರೆಡ್ಡು, 8 ಜಿಬಿ, ಎಸ್ಎಸ್‌ಡಿ ಮೊದ್ಲೇ ಇತ್ತು, ವಿಂಡೋಸ್ 11 ಸಲೀಸಾಗಿ ನಡೀತದೆ. ತಂಗಿಗೆ ಇನ್ನೂ ಒಂದೂವರೆ ವರ್ಷ ಓದಿದೆ, ಆಮೇಲೆ ಎಂಕಾಂ ಅಥವಾ ಸಿಎ ಅಂದ್ರೆ ಇನ್ನೂ ಎರಡು ಮೂರು ವರ್ಷ. ಹತ್ತು ವರ್ಷದ ಮೆಷಿನ್ನಿಗೆ 6 ಸಾವಿರ ಹಾಕಿ ಮತ್ತೆ ಬ್ಯಾಟರಿ 2 ಸಾವಿರ, ಕೀಬೋರ್ಡು ಸಾವಿರ ಅಂತ ಶುರುವಾದ್ರೆ ಅಲ್ಲಿಗೆ ಅರ್ಧ ಲ್ಯಾಪ್‌ಟಾಪಿನ ದುಡ್ಡು ಆಯ್ತು.


ಹಳೇ_ಯಂತ್ರ:

ನಿಮ್ಮ ಮಾತಲ್ಲಿ ತಪ್ಪಿಲ್ಲ, 17 ಸಾವಿರ ಕೈಯಲ್ಲಿದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಆದ್ರೆ ಅವರ ಹತ್ರ ಇರೋದು 6 ಸಾವಿರ, ಕೆಲಸ ನಿಂತಿರೋದು ಇವತ್ತು. ಮತ್ತೆ ಎಸ್ಎಸ್‌ಡಿಗೆ ಹಾಕಿದ ದುಡ್ಡು ಈ ಲ್ಯಾಪ್‌ಟಾಪ್ ಜೊತೆ ಹೋಗಲ್ಲ. 2.5 ಇಂಚಿನ, ಹಾರ್ಡ್ ಡಿಸ್ಕಿನ ಜಾಗಕ್ಕೇ ಕೂರೋ ಸಾಟಾ ಎಸ್ಎಸ್‌ಡಿಯನ್ನ ನಾಳೆ ಯಾವುದೇ ಕಂಪ್ಯೂಟರಿಗೆ ಹಾಕ್ಬಹುದು, ಜಾಗ ಇಲ್ಲಾಂದ್ರೆ ಮುನ್ನೂರು ನಾನ್ನೂರರ ಯುಎಸ್‌ಬಿ ಕೇಸಲ್ಲಿ ಹಾಕಿ ಹೊರಗಿನ ಡಿಸ್ಕ್ ಥರ ಬಳಸ್ಬಹುದು. ವಾಪಸ್ ಸಿಗದಿರೋದು ರ್‍ಯಾಮಿನ ದುಡ್ಡು, ನಿಮ್ಮದಕ್ಕೆ ಹಾಕೋ ಡಿಡಿಆರ್3ಎಲ್ ಅನ್ನೋ ಹಳೇ ಜಾತಿದು ಹೊಸ ಮೆಷಿನ್ನಿಗೆ ಕೂರೋದೇ ಇಲ್ಲ. ಅದಕ್ಕೆ ಎಸ್ಎಸ್‌ಡಿ ಹೊಸದು ಒಳ್ಳೇದು ತಗೊಳ್ಳಿ, ರ್‍ಯಾಮ್ ಸೆಕೆಂಡ್ ಹ್ಯಾಂಡ್ ತಗೊಳ್ಳಿ. ರ್‍ಯಾಮಲ್ಲಿ ತಿರುಗೋದು ಸವೆಯೋದು ಏನಿಲ್ಲ, ಸೆಕೆಂಡ್ ಹ್ಯಾಂಡಿಗೆ ಹೆದರ್ಬೇಕಾಗಿಲ್ಲ, ತಂದ ದಿನ ಮೆಮ್‌ಟೆಸ್ಟ್ ಅನ್ನೋ ಪರೀಕ್ಷೆ ಪ್ರೋಗ್ರಾಂ ಒಂದು ರಾತ್ರಿ ಓಡಿಸಿದ್ರೆ ಗೊತ್ತಾಗತ್ತೆ. ಎಸ್ಎಸ್‌ಡಿ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ.

ವಿಂಡೋಸ್ ವಿಷಯಕ್ಕೆ ಸದ್ಯ 10ನ್ನೇ ಹೊಸದಾಗಿ ಹಾಕಿ ಇಎಸ್‌ಯು ಸೇರಿಕೊಳ್ಳಿ. ಬ್ಯಾಂಕಿನ ಕೆಲಸ ಇದ್ರೆ ಅದಕ್ಕೆ ಪಕ್ಕದಲ್ಲೇ ಒಂದು 60 ಜಿಬಿ ಬಿಟ್ಟು ಲಿನಕ್ಸ್ ಮಿಂಟ್ ಅಂತ ವಿಂಡೋಸ್ ಬದಲಿಗೆ ಬಳಸೋ ಫ್ರೀ ಸಿಸ್ಟಮ್ ಹಾಕ್ಕೊಳ್ಳಿ, ಮಿಂಟ್ 22ಕ್ಕೆ 2029ರ ತನಕ ಅಪ್ಡೇಟ್ ಇದೆ. ಟ್ಯಾಲಿ, ನುಡಿ ಎರಡೂ ವಿಂಡೋಸಿನವು, ಹಾಗಾಗಿ ಪೂರ್ತಿ ಮಿಂಟಿಗೆ ಹೋಗಿ ಅಂತ ನಿಮಗೆ ಹೇಳಲ್ಲ.


ಧಾರವಾಡ_ಫೇಡೆ:

ರ್‍ಯಾಮ್ ತಗೊಳ್ಳುವಾಗ ಒಂದು ಮಾತು ನೆನಪಿಡ್ರಿ. ಡಿಡಿಆರ್3 ಬ್ಯಾರೆ, ಡಿಡಿಆರ್3ಎಲ್ ಬ್ಯಾರೆ. ಎರಡಕ್ಕೂ 204 ಪಿನ್ನ, ಕಟಾವೂ ಒಂದ ಕಡೆ, ಸ್ಲಾಟಿಗೆ ಆರಾಮ ಕೂಡ್ತಾವ, ಆದ್ರ ಎಲ್ ಇರೋದು 1.35 ವೋಲ್ಟ್, ಎಲ್ ಇಲ್ಲದ್ದು 1.5 ವೋಲ್ಟ್. ನಿಮ್ಮ 5ನೇ ಜನರೇಷನ್ ಯು ಪ್ರೊಸೆಸರಿಗೆ 1.35ರದ್ದ ಬೇಕ್ರಿ, 1.5ರದ್ದು ಹಾಕಿದ್ರ ಸ್ಕ್ರೀನ್ ಕರ್ರಗ ಕುಂತ ಬಿಡ್ತೈತಿ. ಸ್ಟಿಕ್ಕರ್ ಮ್ಯಾಲ ಪಿಸಿ3ಎಲ್-12800 ಅಂತ ಇರ್ಬೇಕು, ಆ ಎಲ್ ಅಕ್ಷರ ಕಣ್ಣಿಟ್ಟ ನೋಡ್ರಿ, ಅಂಗಡಿಯವರಿಗೂ ಕೆಲವೊಮ್ಮೆ ಅದು ಲಕ್ಷ್ಯಕ್ಕ ಬರಂಗಿಲ್ಲ.

4ರ ಜೋಡಿ ಇನ್ನೊಂದು 4 ಹಾಕೂದಕ್ಕಿಂತ 8ರದ್ದು ಒಂದು ಹಾಕ್ರಿ, ಒಟ್ಟ 12 ಆಗ್ತೈತಿ. ಎರಡೂ ಒಂದ ಸೈಜ್ ಇರ್ಬೇಕಂತೇನಿಲ್ಲ. ಇಂಟೆಲ್ಲಿನವು ಮೊದಲಿನ 4 ಮತ್ತ 8ರಾಗಿನ 4 ಜೋಡಿ ಮಾಡಿ ಡ್ಯುಯಲ್ ಚಾನೆಲ್, ಅಂದ್ರ ಎರಡೂ ಕಡಿಂದ ಒಟ್ಟಿಗೆ ಓದೂ ಹಂಗ, ನಡಸ್ತಾವ, ಉಳಿದ 4 ಒಂದ ಚಾನೆಲ್‌ನ್ಯಾಗ ನಡೀತೈತಿ. ಇದರೊಳಗಿನ ಗ್ರಾಫಿಕ್ಸಿಗೆ ಬ್ಯಾರೆ ಮೆಮೊರಿ ಇಲ್ಲ, ರ್‍ಯಾಮ್‌ನ್ಯಾಗಿಂದನ ತಗೊಳ್ಳೂದು, ಹಿಂಗಾಗಿ ಡ್ಯುಯಲ್ ಚಾನೆಲ್ ಆದ್ರ ವಿಡಿಯೋನೂ ಸ್ವಲ್ಪ ಹಗುರ ಆಗ್ತೈತಿ. ಆದ್ರ ತರೂದಕ್ಕಿಂತ ಮುಂಚೆ ಒಮ್ಮೆ ಬಿಚ್ಚಿ ಕಣ್ಣಾರೆ ಸ್ಲಾಟ್ ನೋಡ್ರಿ. ವಿಂಡೋಸ್ ಎರಡು ಅಂತ ತೋರಿಸಿದ್ರೂ ಕೆಲವು ಬೋರ್ಡ್‌ನ್ಯಾಗ ಎರಡನೇ ಸ್ಲಾಟಿನ ಜಾಗ ಅಷ್ಟ ಇರ್ತೈತಿ, ಸ್ಲಾಟ್ ಕೂಡ್ಸಿರಂಗಿಲ್ಲ. ನಾನು ಹಂಗ ಒಮ್ಮೆ ತಂದ ರ್‍ಯಾಮ್ ತಿರುಗಿ ಕೊಡಾಕ ಹೋಗಿ ಬಂದೀನ್ರಿ.

ಎಸ್ಎಸ್‌ಡಿ ಬಗ್ಗೆ. ನಮ್ಮ ಕಾಲೇಜ್ ಲ್ಯಾಬ್‌ನ್ಯಾಗ ಇಂಥಾವ ಹದಿನಾಲ್ಕು ಲ್ಯಾಪ್‌ಟಾಪ್ ನನ್ನ ಕೈಯಾರ ಮಾಡೀನಿ. ಹೆಸರು ಕೇಳದ ಬ್ರ್ಯಾಂಡಿನ 1 ಟಿಬಿ ಎಸ್ಎಸ್‌ಡಿ ಸಾವಿರ ರೂಪಾಯಿಗೆ ಅಂತ ಆನ್‌ಲೈನ್‌ನ್ಯಾಗ ಬರ್ತಾವಲ್ರಿ, ಅವನ್ನ ಮುಟ್ಟಬ್ಯಾಡ್ರಿ, ಒಳಗ ಸಣ್ಣ ಮೆಮೊರಿ ಕಾರ್ಡ್ ಇಟ್ಟು 1 ಟಿಬಿ ಅಂತ ಸುಳ್ಳ ತೋರಿಸುವಂಥಾವ ಇರ್ತಾವ. ಗೊತ್ತಿದ್ದ ಕಂಪನಿದು 480 ಅಥವಾ 500 ಜಿಬಿ ಸಾಟಾ ತಗೋರಿ. ಎನ್‌ವಿಎಂಇ ಅನ್ನೋ ಹೊಸ ಜಾತಿದು ಬ್ಯಾಡ, ನಿಮ್ಮದರಾಗ ಅದರ ಸ್ಲಾಟ ಇರೂದಿಲ್ಲ, ಎಂ.2 ಅಂತ ಒಂದು ಕಂಡ್ರೂ ಅದು ಹೆಚ್ಚಾಗಿ ವೈಫೈ ಕಾರ್ಡಿಂದು. ಮಂದಿ ಎಸ್ಎಸ್‌ಡಿ ಬ್ಯಾಗ ಸವೀತೈತಿ ಅಂತ ಹೆದರ್ತಾರ. ಕ್ರೂಷಿಯಲ್ ಬಿಎಕ್ಸ್500 480 ಜಿಬಿಗೆ ಕಂಪನಿ ಕೊಟ್ಟ ಲೆಕ್ಕ 120 ಟಿಬಿ ಬರಿಯೂದು, ಕಿಂಗ್‌ಸ್ಟನ್ ಎ400 480ಕ್ಕ 160, ಸ್ಯಾಮ್‌ಸಂಗ್ 870 ಇವೋ 500ಕ್ಕ 300. ಮೊದಲಿನ ಎರಡಕ್ಕ 3 ವರ್ಷ ವಾರಂಟಿ, ಸ್ಯಾಮ್‌ಸಂಗಿಗೆ 5. ದಿನಕ್ಕ 20 ಜಿಬಿ ಬರದ್ರೂ 120 ಟಿಬಿ ಮುಗಿಯಾಕ ಹದಿನಾರು ವರ್ಷ ಬೇಕ್ರಿ. ರೇಟ್ ಮಾತ್ರ 2025ರ ಕೊನಿಗಿಂದ ಏರೈತಿ, ರ್‍ಯಾಮು ಎಸ್ಎಸ್‌ಡಿ ಎರಡೂ, ಇಳೀತೈತಿ ಅಂತ ಕಾಯೂದು ನಿಮ್ಮ ಆ ಡಿಸ್ಕ್ ಇರೋ ಸ್ಥಿತಿಯೊಳಗ ಸರಿ ಅಲ್ಲ.


ಸಾಗರ_ಸೀಮೆ:

ಬ್ಯಾಕಪ್ ತೆಗೀತಿದ್ದೀನಿ ಅಕ್ಕಾ, ಫಾಂಟ್ ವಿಷಯ ನೀವು ಹೇಳದೇ ಇದ್ರೆ ಖಂಡಿತ ಹೊಳೀತಿರ್ಲಿಲ್ಲ. ಅಪ್ಪನ ಫೈಲು 2017ರಿಂದ ಇದೆ, ಎಲ್ಲ ಹಳೇ ನುಡಿ ಫಾಂಟೇ. ಈ ಭಾನುವಾರ ನಾನೇ ಬಿಚ್ಚೋಣ ಅಂತಿದ್ದೀನಿ, ಬೈಕಿನ ಕೆಲಸ ಎಲ್ಲ ಮಾಡ್ಕೊಳ್ತೀನಿ, ಲ್ಯಾಪ್‌ಟಾಪ್ ಮಾತ್ರ ಬಿಚ್ಚಿಲ್ಲ. ಏನು ನೋಡ್ಕೊಳ್ಬೇಕು? ಹಳೇ ಡಿಸ್ಕನ್ನ ಹಾಗೇ ಕ್ಲೋನ್ ಮಾಡೋದು, ಅಂದ್ರೆ ಇದ್ದ ಹಾಗೇ ಹೊಸದಕ್ಕೆ ನಕಲು ಮಾಡೋದು ಬೇಡ್ವಾ?


ಹಳೇ_ಯಂತ್ರ:

ಕ್ಲೋನ್ ಬೇಡ. ಕೆಟ್ಟ ಜಾಗ ಇರೋ ಡಿಸ್ಕನ್ನ ಕ್ಲೋನ್ ಮಾಡೋಕೆ ಹೋದ್ರೆ ಮಧ್ಯದಲ್ಲಿ ಸಿಕ್ಕಾಕ್ಕೊಳ್ಳತ್ತೆ, ಇಲ್ಲಾ ಅರೆಬರೆ ವಿಂಡೋಸ್ ಅಲ್ಲಿಗೆ ಹೋಗತ್ತೆ. ಇನ್ನೊಂದು ಕಂಪ್ಯೂಟರಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲ್ ಇಂದ 8 ಜಿಬಿ ಪೆನ್‌ಡ್ರೈವ್ ತಯಾರು ಮಾಡ್ಕೊಳ್ಳಿ. ಕೀ ಕೇಳಿದ್ರೆ ನನ್ನ ಹತ್ರ ಇಲ್ಲ ಅಂತ ಒತ್ತಿ ಮುಂದೆ ಹೋಗಿ, ಮೊದ್ಲಿದ್ದ ಅದೇ ಎಡಿಷನ್ ಹಾಕಿ. ಅದೇ ಬೋರ್ಡ್ ಆಗಿರೋದ್ರಿಂದ ಇಂಟರ್ನೆಟ್ ಸಿಕ್ಕ ತಕ್ಷಣ ತಾನೇ ಆಕ್ಟಿವೇಟ್ ಆಗತ್ತೆ. ಇನ್‌ಸ್ಟಾಲ್ ಮಾಡುವಾಗ ಹಳೇ ಡಿಸ್ಕ್ ಯಾವ ರೀತಿಯಲ್ಲೂ ಜೋಡಿಸಿರ್ಬೇಡಿ, ಬೂಟ್ ಫೈಲುಗಳು ಅದರ ಮೇಲೆ ಹೋಗಿ ಕೂತ್ರೆ ಆಮೇಲೆ ಅದನ್ನ ತೆಗೆದ ದಿನ ಲ್ಯಾಪ್‌ಟಾಪ್ ಏಳಲ್ಲ.

ಬಿಚ್ಚೋಕೆ ಸರಿಯಾದ ಸಣ್ಣ ಪ್ಲಸ್ ಸ್ಕ್ರೂಡ್ರೈವರ್ ಬೇಕು, ತಲೆ ಸವೆದಿದ್ದು ಬೇಡ, ಒಂದು ಸ್ಕ್ರೂ ತಲೆ ಕೆಟ್ರೆ ಅರ್ಧ ದಿನ ಹೋಗತ್ತೆ. ಒಂದು ಬಿಳಿ ಹಾಳೆ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರ ಬಿಡಿಸ್ಕೊಂಡು ತೆಗೆದ ಸ್ಕ್ರೂವನ್ನ ಅದೇ ಜಾಗದಲ್ಲಿ ಇಡಿ. ಉದ್ದ ಗಿಡ್ಡ ಇರ್ತಾವೆ, ಗಿಡ್ಡದ ಜಾಗಕ್ಕೆ ಉದ್ದದ್ದು ಹಾಕಿ ತಿರುಗಿಸಿದ್ರೆ ಬೋರ್ಡಿಗೇ ಚುಚ್ಚತ್ತೆ. ಚಾರ್ಜರ್ ತೆಗೀರಿ, ಬ್ಯಾಟರಿ ತೆಗೀರಿ, 2016ರ 15 ಇಂಚಿನ ಹೆಚ್ಚಿನವಕ್ಕೆ ಹಿಂದೆ ಲಾಕ್ ಸರಿಸಿದ್ರೆ ಬರೋ ಬ್ಯಾಟರಿನೇ. ಆಮೇಲೆ ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡೀರಿ, ಉಳಿದ ಕರೆಂಟ್ ಇಳಿದು ಹೋಗ್ಲಿ. ಕಿಟಕಿಯ ಸರಳು ಥರ ಏನಾದ್ರೂ ಕಬ್ಬಿಣ ಒಂದ್ಸಲ ಮುಟ್ಟಿ ಕೈಹಾಕಿ.

ನಿಮ್ಮದು ತಳದಲ್ಲಿ ಸಣ್ಣ ಮುಚ್ಚಳ ಇರೋದಾದ್ರೆ ಸುಲಭ, ಎರಡು ಸ್ಕ್ರೂ ತೆಗೆದ್ರೆ ರ್‍ಯಾಮ್, ಡಿಸ್ಕ್ ಕಾಣತ್ತೆ. ಇಲ್ಲಾಂದ್ರೆ ಕೀಬೋರ್ಡ್ ಕಡೆಯಿಂದ ಬಿಚ್ಚೋ ಜಾತಿ. ಡಿವಿಡಿ ಡ್ರೈವ್ ಒಂದೇ ಸ್ಕ್ರೂನಲ್ಲಿ ನಿಂತಿರತ್ತೆ, ಅದನ್ನ ಮೊದ್ಲು ಎಳೆದು ತೆಗೆದ್ರೆ ಅದರ ಹಿಂದೆ ಇನ್ನೊಂದೆರಡು ಸ್ಕ್ರೂ ಅಡಗಿರ್ತಾವೆ, ರಬ್ಬರ್ ಕಾಲಿನ ಕೆಳಗೂ ನೋಡಿ. ಎಲ್ಲ ತೆಗೆದ್ರೂ ಒಂದು ಕಡೆ ಏಳ್ತಿಲ್ಲ ಅಂದ್ರೆ ಬಲ ಹಾಕ್ಬೇಡಿ, ಅಲ್ಲೊಂದು ಸ್ಕ್ರೂ ಉಳಿದಿದೆ ಅಂತಾನೇ ಅರ್ಥ. ಹಳೇ ಎಟಿಎಂ ಕಾರ್ಡನ್ನ ಸಂದಿಗೆ ತೂರಿಸಿ ಸುತ್ತ ಸರಿಸ್ತಾ ಬಂದ್ರೆ ಪ್ಲಾಸ್ಟಿಕ್ ಕೊಕ್ಕೆಗಳು ಟಕ್ ಟಕ್ ಅಂತ ಬಿಡ್ತಾವೆ. ಮೇಲ್ಭಾಗ ಎತ್ತುವಾಗ ನಿಧಾನ, ಕೀಬೋರ್ಡಿನ ರಿಬ್ಬನ್ ಕೇಬಲ್ ಕೆಳಗಿನ ಬೋರ್ಡಿಗೆ ಸೇರಿರತ್ತೆ. ಅದನ್ನ ಎಳೀಬಾರ್ದು. ರಿಬ್ಬನ್ ಹೋಗಿ ಕೂರೋ ಬಾಯಲ್ಲಿ ಕಪ್ಪು ಅಥವಾ ಕಂದು ಬಣ್ಣದ ಒಂದು ತೆಳ್ಳನೆ ಪಟ್ಟಿ ಇರತ್ತೆ, ಉಗುರಲ್ಲಿ ಅದನ್ನ ಮೇಲಕ್ಕೆ ಎತ್ತಿದ್ರೆ ರಿಬ್ಬನ್ ತಾನಾಗೇ ಸಡಿಲ ಆಗತ್ತೆ. ವಾಪಸ್ ಹಾಕುವಾಗ ರಿಬ್ಬನ್ ನೇರವಾಗಿ ಪೂರ್ತಿ ಒಳಗೆ ಹೋದ್ಮೇಲೆ ಪಟ್ಟಿ ಒತ್ತಿ.

ಹಳೇ ಡಿಸ್ಕ್ ಸುತ್ತ ಒಂದು ತಗಡಿನ ಚೌಕಟ್ಟು ಇರತ್ತೆ, ಅದನ್ನ ಬಿಚ್ಚಿ ಎಸ್ಎಸ್‌ಡಿಗೆ ಹಾಕಿ, ಎಸೀಬೇಡಿ, ಅದಿಲ್ಲದಿದ್ರೆ ಕನೆಕ್ಟರ್ ಸಡಿಲ ಆಗತ್ತೆ. ಇಷ್ಟು ಬಿಚ್ಚಿದ ಮೇಲೆ ಫ್ಯಾನ್ ಹಾಗೇ ಬಿಡ್ಬೇಡಿ. ಫ್ಯಾನಿಗೂ ಗಾಳಿ ಹೋಗೋ ತಾಮ್ರದ ಜಾಲರಿಗೂ ಮಧ್ಯೆ ಧೂಳು ಕಂಬಳಿ ಥರ ಕೂತಿರತ್ತೆ, ಅದನ್ನ ಚಿಮಟದಲ್ಲಿ ಎತ್ತಿ. ಊದೋದಾದ್ರೆ ರೆಕ್ಕೆಗೆ ಹಲ್ಲುಕಡ್ಡಿ ಅಡ್ಡ ಇಟ್ಟು ಊದಿ, ಬಿಟ್ಟು ಊದಿದ್ರೆ ಸುಮ್ನೆ ಜೋರಾಗಿ ತಿರುಗಿ ಬೇರಿಂಗ್ ಕೆಡತ್ತೆ. ಪ್ರೊಸೆಸರ್ ಶಾಖ ಹೊರಗೆ ದಾಟಿಸೋಕೆ ಹಚ್ಚಿರೋ ಥರ್ಮಲ್ ಪೇಸ್ಟ್ ಹತ್ತು ವರ್ಷದ್ದು ಅಂದ್ರೆ ಒಣಗಿ ಸುಣ್ಣ ಆಗಿರತ್ತೆ, ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತಿಗೆ ಹಚ್ಚಿ ಒರೆಸಿ, ಹೊಸದು ಒಂದು ಅಕ್ಕಿಕಾಳಿನಷ್ಟು ಸಾಕು.


ಸಾಗರ_ಸೀಮೆ:

ಎರಡು ವಾರ ಆದ್ಮೇಲೆ ಬರೀತಿದ್ದೀನಿ, ಎಲ್ರೂ ಕ್ಷಮಿಸಿ. ಬ್ಯಾಕಪ್ ತೆಗೆಯೋಕೇ ನಾಲ್ಕು ದಿನ ಆಯ್ತು, ಕೆಲವು ಫೋಲ್ಡರ್ ಹತ್ರ ಬಂದ್ರೆ ಡಿಸ್ಕ್ ನಿಂತೇ ಹೋಗ್ತಿತ್ತು.

ಶನಿವಾರ ಬಿಚ್ಚಿ ಸ್ಲಾಟ್ ನೋಡ್ಕೊಂಡೆ, ಎರಡನೇದು ನಿಜವಾಗ್ಲೂ ಇತ್ತು. ಬೆಂಗಳೂರಲ್ಲಿರೋ ನನ್ನ ದೋಸ್ತ ಎಸ್‌ಪಿ ರೋಡಿಗೆ ಹೋಗಿ 8 ಜಿಬಿ ಪಿಸಿ3ಎಲ್-12800 ಸೆಕೆಂಡ್ ಹ್ಯಾಂಡ್ 1300ಕ್ಕೆ, 480 ಜಿಬಿ ಎಸ್ಎಸ್‌ಡಿ 4200ಕ್ಕೆ ತಗೊಂಡು ಬಸ್ಸಲ್ಲಿ ಕಳಿಸ್ದ. ಪೇಸ್ಟು, ಸ್ಕ್ರೂಡ್ರೈವರ್ ಸೆಟ್ಟು ಸೇರಿ ಒಟ್ಟು 6100 ಆಯ್ತು. ನನ್ನದು ಕೀಬೋರ್ಡ್ ಕಡೆಯಿಂದ ಬಿಚ್ಚೋ ಜಾತಿನೇ. ಸರ್ ಹೇಳಿದ ಹಾಗೆ ಡಿವಿಡಿ ಡ್ರೈವ್ ತೆಗೆದ ಜಾಗದಲ್ಲಿ ಮೂರು ಸ್ಕ್ರೂ ಇತ್ತು, ಆ ಮಾತು ಓದಿಲ್ಲದಿದ್ರೆ ಎಳೆದು ಮುರೀತಿದ್ದೆ. ಫ್ಯಾನ್ ಮುಂದಿನ ಧೂಳು ಹೆಬ್ಬೆರಳು ದಪ್ಪ, ಪೂರ್ತಿ ಒಂದೇ ತುಂಡಾಗಿ ಬಂತು, ಅದರಲ್ಲಿ ಅಂಗಳದಲ್ಲಿ ಅಡಿಕೆ ಸುಲಿದಾಗ ಹಾರೋ ಸಿಪ್ಪೆ ಪುಡಿನೇ ಜಾಸ್ತಿ.

ಎಲ್ಲ ಹಾಕಿ ಆನ್ ಮಾಡಿದ್ರೆ ಸ್ಕ್ರೀನ್ ಬರ್ಲಿಲ್ಲ, ಲೈಟ್ ಮಾತ್ರ ಹತ್ತಿ ಆರ್ತಿತ್ತು. ಅಪ್ಪ ಪಕ್ಕದಲ್ಲೇ ಕೂತಿದ್ರು, ನಂಗೆ ಎದೆ ಧಸಕ್ಕಂತು. ಮತ್ತೆ ಬಿಚ್ಚಿ ನೋಡಿದ್ರೆ ಹೊಸ ರ್‍ಯಾಮ್ ಪೂರ್ತಿ ಒಳಗೆ ಹೋಗಿರ್ಲಿಲ್ಲ, ಚಿನ್ನದ ಗೆರೆ ಸ್ವಲ್ಪ ಹೊರಗೇ ಕಾಣ್ತಿತ್ತು. ಓರೆಯಾಗಿ ಹಿಡಿದು ಜೋರಾಗಿ ತಳ್ಳಿ ಕೆಳಗೆ ಒತ್ತಿದ್ಮೇಲೆ ಎರಡೂ ಪಕ್ಕದ ಕ್ಲಿಪ್ ಟಕ್ ಅಂತ ಹಿಡ್ಕೊಂಡ್ವು, ಆಮೇಲೆ ಬಂತು. ವಿಂಡೋಸ್ ಹಾಕೋಕೆ 25 ನಿಮಿಷ, ತಾನೇ ಆಕ್ಟಿವೇಟ್ ಆಯ್ತು.

ಈಗ ಬಟನ್ ಒತ್ತಿ ಡೆಸ್ಕ್‌ಟಾಪ್ ಬರೋಕೆ 19 ಸೆಕೆಂಡ್, ಕ್ರೋಮ್ ಸೇರಿ 24. ಮೂರು ಸಲ ಅಳೆದೆ. ತಂಗಿ ಟ್ಯಾಲಿ, ಎಕ್ಸೆಲ್, ಕ್ರೋಮಲ್ಲಿ ಹತ್ತು ಟ್ಯಾಬ್ ಒಟ್ಟಿಗೆ ತೆಗೀತಾಳೆ, ಮೆಮೊರಿ 50 ದಾಟಲ್ಲ. ವಿಡಿಯೋ ನೋಡುವಾಗ ಮೊದ್ಲು 92 ಡಿಗ್ರಿ ಇರ್ತಿದ್ದ ಪ್ರೊಸೆಸರ್ ಈಗ 68-70, ಫ್ಯಾನ್ ಸದ್ದು ಕೇಳೋದೇ ಅಪರೂಪ. ನುಡಿ ಹಾಕಿ ಫಾಂಟ್ ಕೂರಿಸಿದ ಮೇಲೆ ಅಪ್ಪ 2017ರ ಮೊದಲ ನಡಾವಳಿ ತೆಗೆದು ಪೂರ್ತಿ ಓದಿದ್ರು.

ಒಂದೇ ಬೇಜಾರು, 2018ರ ಮೂರು ಫೈಲ್ ಕಾಪಿ ಆಗ್ಲೇ ಇಲ್ಲ, ಆ ವರ್ಷ ಮಳೆಗೆ ಗೋಡೌನ್ ಬಿದ್ದಾಗಿನ ಮಹಾಸಭೆದು. ಸೊಸೈಟೀಲಿ ಪ್ರಿಂಟ್ ಇರ್ಬೇಕು ಅಂತಾರೆ ಅಪ್ಪ, ಹುಡುಕ್ಬೇಕು. ಡಿಸ್ಕಿಂದ ಏನಾದ್ರೂ ಮಾಡಿ ತೆಗೀಬಹುದಾ? ಮತ್ತೆ ಬ್ಯಾಟರಿ ಈಗ ಒಂದು ಗಂಟೆ ಹತ್ತಿರ ಬರ್ತಿದೆ, ಬದಲಾಯಿಸ್ಲಾ?


ಹಳೇ_ಯಂತ್ರ:

ಬಹಳ ಖುಷಿ ಆಯ್ತು ಓದಿ. ಬ್ಯಾಟರಿ ಉಬ್ಬಿಲ್ಲ ತಾನೇ ಒಂದ್ಸಲ ಕೈಯಾಡಿಸಿ ನೋಡಿ, ಟೇಬಲ್ ಮೇಲೆ ಸಮ ಕೂರ್ಬೇಕು. ಉಬ್ಬಿದ್ರೆ ಇವತ್ತೇ ತೆಗೆದು ಹೊರಗೆ ಇಡಿ, ಚುಚ್ಚೋಕೆ ಒತ್ತೋಕೆ ಹೋಗ್ಬೇಡಿ. ಉಬ್ಬಿಲ್ಲಾಂದ್ರೆ ಆ 2 ಸಾವಿರ ಉಳಿಸಿ, ಕರೆಂಟ್ ಹೋದಾಗ ಸೇವ್ ಮಾಡಿ ಆಫ್ ಮಾಡೋಕೆ ಒಂದು ಗಂಟೆ ಸಾಕು. ಮನೆ ವೈಫೈ 5 ಗಿಗಾಹರ್ಟ್ಸ್ ಹಿಡೀತಿಲ್ಲ ಅಂದ್ರೆ ಮುಂದೆ ಯಾವಾಗಾದ್ರೂ ಕಾರ್ಡ್ ಬದಲಾಯಿಸ್ಬಹುದು, ಆವಾಗ ಎಎಕ್ಸ್200 ಅಥವಾ ಎಎಕ್ಸ್210 ಅಂತಾನೇ ಕೇಳಿ, 201 ಮತ್ತೆ 211 ಹೊಸ ಇಂಟೆಲ್ ಬೋರ್ಡಿಗೆ ಮಾತ್ರ, ನಿಮ್ಮದರಲ್ಲಿ ನಡೆಯಲ್ಲ.


ಅಚ್ಚುಮೊಳೆ:

ಅಪ್ಪ ಓದಿದ್ರು ಅಂದ್ಯಲ್ಲ, ಅಷ್ಟು ಸಾಕು ನಂಗೆ. ಈಗ ಬ್ಯಾಕಪ್ ಒಂದೇ ಕಡೆ ಇಟ್ಟಿದ್ರೆ ಇನ್ನೊಂದು ಕಡೆನೂ ಇಡು, ಗೂಗಲ್ ಡ್ರೈವಲ್ಲಿ 15 ಜಿಬಿ ಫ್ರೀ ಇದೆ, ನಡಾವಳಿ ಎಲ್ಲ ಸೇರಿ ಅದರಲ್ಲಿ ಮೂಲೆಗೂ ಆಗಲ್ಲ. ಎಸ್ಎಸ್‌ಡಿ ಕೆಟ್ಟಾಗ ಸದ್ದೂ ಮಾಡಲ್ಲ.


ಧಾರವಾಡ_ಫೇಡೆ:

ಆ ಮೂರು ಫೈಲಿಗೆ ಡಿಡಿರೆಸ್ಕ್ಯೂ ಅಂತ ಲಿನಕ್ಸಿನ ಪ್ರೋಗ್ರಾಂ ಐತ್ರಿ. ಅದು ಮೊದಲು ಚಲೋ ಇದ್ದ ಜಾಗ ಎಲ್ಲ ಬ್ಯಾರೆ ಡಿಸ್ಕಿಗೆ ತಗೊಂಡು, ಕೆಟ್ಟ ಜಾಗಕ್ಕ ಕಡೀಕ ಬಂದು ಮತ್ತ ಮತ್ತ ಓದಿ ನೋಡ್ತೈತಿ, ಎಲ್ಲಿತನಕ ಆಗೇತಿ ಅಂತ ಬರದ ಇಟ್ಕೋತೈತಿ, ನಡುವ ನಿಂತ್ರೂ ಅಲ್ಲಿಂದನ ಮುಂದುವರಿಸಬಹುದು. ಅದಕ್ಕ 1 ಟಿಬಿಗಿಂತ ದೊಡ್ಡ ಖಾಲಿ ಡಿಸ್ಕ್ ಒಂದು ಬೇಕಾಗ್ತೈತಿ, ಯಾರದರ ಕಡಿಂದ ಎರಡು ದಿನಕ್ಕ ಇಸ್ಕೋರಿ. ಅಲ್ಲಿತನಕ ಆ ಹಳೇ ಡಿಸ್ಕಿಗೆ ಕರೆಂಟ್ ಕೊಡಬ್ಯಾಡ್ರಿ, ಅರಿವ್ಯಾಗ ಸುತ್ತಿ ಮ್ಯಾಲ ಬೀರುನ್ಯಾಗ ಇಡ್ರಿ, ಬಿದ್ದರ ಕೆಲಸ ಕೆಡ್ತೈತಿ. ಯಾವಾಗ ಮಾಡ್ತೀರಿ ಹೇಳ್ರಿ, ಒಂದೊಂದ ಕಮಾಂಡ್ ಇಲ್ಲೇ ಬರದ ಕೊಡ್ತೇನಿ. ಅದರಾಗ ಯಾವುದು ಹಳೇ ಡಿಸ್ಕ್ ಯಾವುದು ಹೊಸಾದು ಅನ್ನೂದು ಅದಲುಬದಲಾದ್ರ ಇದ್ದದ್ದೂ ಅಳಿಸಿ ಹೋಗ್ತೈತಿ, ಒಬ್ಬರ ಕುಂತು ಮಾಡಾಕ ಹೋಗಬ್ಯಾಡ್ರಿ.


ಸಾಗರ_ಸೀಮೆ:

ಆಯ್ತು ಅಣ್ಣ, ಬಟ್ಟೇಲಿ ಸುತ್ತಿ ಇಟ್ಟಾಯ್ತು. ಮುಂದಿನ ಭಾನುವಾರ ದೋಸ್ತ ಊರಿಗೆ ಬರ್ತಾನೆ, 2 ಟಿಬಿ ಡಿಸ್ಕ್ ತರೋಕೆ ಹೇಳಿದ್ದೀನಿ. ಬೆಳಿಗ್ಗೆ ಹತ್ತಕ್ಕೆ ಕೂರ್ತೀವಿ, ಆ ಹೊತ್ತಿಗೆ ನೀವು ಇರ್ತೀರಾ?


ಧಾರವಾಡ_ಫೇಡೆ:

ಇರ್ತೇನ್ರಿ. ಹತ್ತಕ್ಕ.